ಶುಕ್ರವಾರದ ಕೊನೆಯ ಪೀರಿಯಡ್

ಟಿಕ್, ಟಿಕ್, ಟಿಕ್. ಏನು ಬರೆಯಬೇಕೆಂದು ತೋಚದೆ ಒಂಬತ್ತನೇ ತರಗತಿಯ ಮಕ್ಕಳು ಪೆನ್ನಿನ ತುದಿ ಒತ್ತುತ್ತಿದ್ದರು. ಅಹಲ್ಯಾ ಟೀಚರಿಗೆ ಆ ಸದ್ದು ಇಷ್ಟ. ಇವತ್ತು ಮಾತ್ರ ಅವರ ಕಿವಿ ಬಾಗಿಲಿನತ್ತಲೇ ಇತ್ತು. ಉಪಪ್ರಾಂಶುಪಾಲ ತಿಪ್ಪೇಸ್ವಾಮಿ ಯಾವಾಗ ಬೇಕಾದರೂ ಕರೆಸಬಹುದು. ಕೂರಲಾಗದೆ ಅಹಲ್ಯಾ ಕಿಟಕಿಗೂ ಬಾಗಿಲಿಗೂ ನಡುವೆ ನಡೆದಾಡಿದರು.

ದೆಹಲಿಯ ಈ ಶಾಲೆಯಲ್ಲಿ ಕನ್ನಡ ಕಲಿಸುತ್ತಲೇ ಅವರ ತಲೆ ನರೆತಿದೆ. ಒಂದು ವರ್ಷ ‘ನನ್ನ ತಾಯಿ’ ಪ್ರಬಂಧವನ್ನು ಇಡೀ ತರಗತಿ ಗೈಡಿನಿಂದ ಬಾಯಿಪಾಠ ಮಾಡಿ ಬರೆದಿತ್ತು. ತಾಯಿಯನ್ನು ಕಳೆದುಕೊಂಡಿದ್ದ ಧನುಷ್ ಕೂಡ ‘ನನ್ನ ತಾಯಿ ಬೆಳಗ್ಗೆ ಬೇಗ ಏಳುತ್ತಾರೆ’ ಎಂದು ಬರೆದಿದ್ದ. ಆ ವರ್ಷವೇ ಅಹಲ್ಯಾ ಜಗಳವಾಡಿ ಶುಕ್ರವಾರದ ಕೊನೆಯ ಪೀರಿಯಡ್ ಪಡೆದರು. ಕಂಡದ್ದನ್ನು ಬರೆಯಿರಿ, ಹಿಂದಿ ಬೆರೆತರೂ ಸರಿ, ಕೆಂಪು ಪೆನ್ನು ಮುಟ್ಟುವುದಿಲ್ಲ ಎಂದರು. ಓದಿ ಹೇಳುವಾಗ ಬರೆದವರ ಹೆಸರು ಹೇಳುತ್ತಿರಲಿಲ್ಲ.

ಹೋದ ವಾರ ಓದಿದ ಬರಹದಲ್ಲಿ ಹೀಗಿತ್ತು: ‘ಅಪ್ಪ ಹೋಟೆಲಿನಲ್ಲಿ ಪ್ರತಿ ಗಿರಾಕಿಗೂ ಊಟ ಹೇಗಿತ್ತು ಅಂತ ಕೇಳ್ತಾರೆ. ಅಮ್ಮನಿಗೆ ಊಟ ಆಯ್ತಾ ಅಂತ ಕೇಳಲ್ಲ.’

ಹೆಸರು ಮುಚ್ಚಿಟ್ಟು ಏನು ಪ್ರಯೋಜನ? ಈ ತರಗತಿಯ ಮಕ್ಕಳಲ್ಲಿ ಹೋಟೆಲ್ ಇದ್ದದ್ದು ಪ್ರಜ್ಞಾಳ ಅಪ್ಪ ಜಯಾನಂದರಿಗೆ ಮಾತ್ರ. ಭಾನುವಾರ ಅರ್ಧ ತರಗತಿ ಅಪ್ಪ ಅಮ್ಮನ ಜೊತೆ ಅಲ್ಲಿಯೇ ದೋಸೆ ತಿನ್ನುತ್ತಿತ್ತು.

ಕರೆ ಬಂತು. ಆಫೀಸಿನಲ್ಲಿ ಜಯಾನಂದ ಕುಳಿತಿದ್ದರು.

“ಟೀಚರೇ, ಗಿರಾಕಿಯೊಬ್ಬ ಬಿಲ್ ಕೊಡುವಾಗ ಕೇಳಿದ, ‘ಭಾಭೀಜೀನೆ ಖಾನಾ ಖಾಯಾ ಕ್ಯಾ?’ ಅಂತ. ಹೆಂಡತಿಯ ಊಟ ಆಯ್ತಾ ಅಂತ! ನಮ್ಮ ಸಪ್ಲೈಯವರೆಲ್ಲ ನಗುವುದು ಮಾರಾಯ್ರೆ.”

“ಕ್ಷಮಿಸಿ. ನಾನು ಎಲ್ಲರ ಮುಂದೆ ಓದಬಾರದಿತ್ತು. ಅವಳು ಬರೆದದ್ದು ತಪ್ಪಲ್ಲ.”

ತಿಪ್ಪೇಸ್ವಾಮಿ ಪರಿಹಾರ ಹುಡುಕಿಟ್ಟಿದ್ದರು. “ಸುಲಭ ಮೇಡಂ. ಪ್ರಜ್ಞಾ ‘ನನ್ನ ಆದರ್ಶ ತಂದೆ’ ಅಂತ ಒಂದು ಪೇಜ್ ಬರೆದು ಅಸೆಂಬ್ಲಿಯಲ್ಲಿ ಓದಲಿ. ನಿಮ್ಮ ಪೀರಿಯಡ್ ಉಳಿಯುತ್ತೆ. ಇಲ್ಲಾಂದ್ರೆ ಮುಂದಿನ ವಾರದಿಂದ ಅದು ಗಣಿತಕ್ಕೆ.”

ಅಹಲ್ಯಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಅವಳು ಗೈಡ್ ನೋಡಿ ಬರೀತಾಳೆ ಸರ್.”

“ಬರೀಲಿ ಬಿಡಿ. ಎಲ್ಲರೂ ಬರೆಯೋದೇ ಹಾಗೆ.”

“ಅದಕ್ಕೇ ಬೇಡ. ನಾನು ಬರೆಸಲ್ಲ.”

“ಹಾಗಾದ್ರೆ ಗಣಿತ.”

“ಅಚ್ಛಾ.” ಅಹಲ್ಯಾ ಎದ್ದರು. “ಮುಂದಿನ ವಾರದಿಂದ ತಾನೇ? ಇವತ್ತಿನದು ಇನ್ನೂ ಅರ್ಧ ಬಾಕಿ ಇದೆ. ಮಕ್ಕಳು ಕಾಯ್ತಿದ್ದಾರೆ.”

“ಕೂತ್ಕೊಳ್ಳಿ ಮೇಡಂ, ಪೇರೆಂಟ್ ಮುಂದೆ ಹೀಗೆ...”

ತಿಪ್ಪೇಸ್ವಾಮಿಯವರ ಮಾತು ಇನ್ನೂ ನಡೆದೇ ಇತ್ತು. ಅಹಲ್ಯಾ ಆಗಲೇ ಮೆಟ್ಟಿಲು ಹತ್ತುತ್ತಿದ್ದರು.