ಹಾಳಾದದ್ದಕ್ಕೆ ಮಾರ್ಕ್ಸ್ ಉಂಟಾ?

ನನ್ನ ದೊಡ್ಡ ಅವಗುಣವನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಬೇರೆ ಯಾರಿಂದಲೋ ಕೇಳಿ ತಿಳಿಯುವ ಕಷ್ಟ ನಿಮಗೆ ಬೇಡ. ನಾನು ಸಂಶಯದ ಮನುಷ್ಯ. ಒಂಬತ್ತನೇ ತರಗತಿಯ ಮಕ್ಕಳು ‘ನಾವೇ ಮಾಡಿದ್ದು ಸರ್’ ಎಂದು ಡಬ್ಬಿಯಲ್ಲಿ ಚಟ್ನಿ ತಂದರೆ ನಾನು ಅದರ ಹತ್ತಿರ ಮೊದಲು ನಾಲಿಗೆಯನ್ನು ಕಳಿಸುವುದಿಲ್ಲ, ಮೂಗನ್ನು ಕಳಿಸುತ್ತೇನೆ. ಉಪ್ಪು, ಹುಳಿ, ಖಾರ ಮೂರೂ ಹದವಾಗಿದ್ದರೆ ನನ್ನ ಲೆಕ್ಕದಲ್ಲಿ ಅದು ಅಮ್ಮನ ಕೆಲಸ. ಉಪ್ಪು ಹಾಕಲು ಮರೆತಿದ್ದರೆ ಮಾತ್ರ ಆ ಮಗುವಿನ ಮೇಲೆ ನನಗೆ ನಂಬಿಕೆ ಹುಟ್ಟುತ್ತದೆ.

ನಾನು ಅಡುಗೆ ಮೇಷ್ಟ್ರಾದ ರೀತಿಯೂ ಸಂಶಯಕ್ಕೆ ಎಡೆಕೊಡುವಂಥದ್ದೇ. ಹುಟ್ಟಿದ್ದು ಬಂಟ್ವಾಳ, ಕಲಿತದ್ದು ಚಿತ್ರಕಲೆ, ಕಲಿಸುವುದು ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ಬಸ್ಸುಗಳು ನಿಂತು ಹೋಗುವ ಒಂದು ಊರಿನ ಹೈಸ್ಕೂಲಿನಲ್ಲಿ. ಶನಿವಾರದ ಕೊನೆಯ ಎರಡು ಪೀರಿಯಡ್‌ಗಳಲ್ಲಿ ಮಕ್ಕಳಿಗೆ ಡಿಸೈನ್ ಮತ್ತು ಅಡುಗೆ ಕಲಿಸಬೇಕು ಎಂದು ತೀರ್ಮಾನವಾದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಮ್ಮ ತಮ್ಮ ಪುಸ್ತಕ ನೋಡತೊಡಗಿದರು. ನಾನೊಬ್ಬ ತಲೆ ಎತ್ತಿದ್ದೆ.

“ನಿಮಗೆ ಡ್ರಾಯಿಂಗ್ ಬರ್ತದಲ್ಲ, ಡಿಸೈನ್ ಅಂದ್ರೆ ಅದೇ” ಎಂದರು ಹೆಡ್ಮಾಸ್ಟ್ರು. “ಅಡುಗೆಯದ್ದು ಮನೆಯಲ್ಲಿ ಹೆಂಡತಿ ಹತ್ರ ಕೇಳಿದ್ರೆ ಆಯ್ತು ಮಾರಾಯ್ರೆ.”

ಮನೆಯಲ್ಲಿ ಕೇಳಿದೆ. “ಮೊದಲು ಸಾಸಿವೆ ಯಾವ ಡಬ್ಬಿಯಲ್ಲಿ ಉಂಟು ಅಂತ ಹೇಳಿ ನೋಡುವ” ಎಂದಳು ನನ್ನ ಹೆಂಡತಿ. ಮದುವೆಯಾಗಿ ಇಪ್ಪತ್ತೆರಡು ವರ್ಷ. ನಾನು ಮೆಂತೆಯ ಡಬ್ಬಿ ತೋರಿಸಿದೆ.

ಹೀಗೆ ಶುರುವಾದ ಪಾಠವನ್ನು ಊರು ಸುಮ್ಮನೆ ನಂಬೀತೇ? ಬಿಸಿಯೂಟ ಬೇಯಿಸುವ ಲೀಲಕ್ಕನಿಗೆ ನಾನು ಅವರ ಕೆಲಸ ಕಸಿಯಲು ಬಂದವನೆಂದೇ ಗುಮಾನಿ. ಪ್ರತಿ ಶನಿವಾರ ಪಾಠ ಮುಗಿಯುವ ತನಕ ಅಡುಗೆಕೋಣೆಯ ಬಾಗಿಲಿಗೆ ಒರಗಿ ನಿಂತು ತಮ್ಮ ಸೌಟುಗಳನ್ನು ಕಣ್ಣಲ್ಲೇ ಕಾಯುತ್ತಿದ್ದರು. ಒಮ್ಮೆ ಬೆಳ್ತಂಗಡಿಯಿಂದ ಒಬ್ಬ ವಿದ್ಯಾರ್ಥಿಯ ತಂದೆ ಬಂದರು. ಗಲ್ಫಿನಲ್ಲಿ ದುಡಿದು ಬಂದ ಗಟ್ಟಿ ಆಳು. ಮಗನ ಕೈಯಲ್ಲಿ ನೀರುಳ್ಳಿ ಕೊಯ್ಯಿಸಿದ್ದಕ್ಕೆ ಜಗಳಕ್ಕೇ ಬಂದಿದ್ದಾರೆ ಎಂದು ನಾನು ಕುರ್ಚಿಯ ಹಿಂದೆ ಸರಿದೆ. ಅವರು ಆಚೀಚೆ ನೋಡಿ, ನನ್ನ ಕೈಯಿಂದ ಚೂರಿ ತೆಗೆದುಕೊಂಡು, ನೀರುಳ್ಳಿಯನ್ನು ಕಣ್ಣು ಮಿಟುಕಿಸುವುದರೊಳಗೆ ಕೊಯ್ದು ಗುಡ್ಡೆ ಹಾಕಿದರು. “ಬೆರಳು ಹೀಗೆ ಮಡಚಬೇಕು ಮಾಷ್ಟ್ರೇ. ಅಲ್ಲಿ ಹತ್ತು ವರ್ಷ ಏಳು ಜನರಿಗೆ ನಾನೇ ಬೇಯಿಸಿ ಹಾಕಿದ್ದು. ಮನೆಯಲ್ಲಿ ಹೇಳ್ಬೇಡಿ, ಆಮೇಲೆ ಅಲ್ಲಿಯೂ ನನಗೇ ಬೇಯಿಸ್ಲಿಕ್ಕೆ ಹೇಳ್ತಾರೆ.”

ಇಷ್ಟಾದರೂ ನನ್ನ ಬುದ್ಧಿ ನೆಟ್ಟಗಾಗಲಿಲ್ಲ. ನಮ್ಮ ಭಾಷೆಯದ್ದೂ ಸ್ವಲ್ಪ ತಪ್ಪುಂಟು ಎನ್ನಿ. ಹಿಂದಿನ ತರ್ಕಶಾಸ್ತ್ರದವರಿಗೆ ಅನುಮಾನ ಎಂದರೆ ಗೌರವದ ಮಾತು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವ ಜ್ಞಾನದ ದಾರಿ ಅದು. ಕನ್ನಡಕ್ಕೆ ಬರುವಷ್ಟರಲ್ಲಿ ಅದೇ ಅನುಮಾನ ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕತೊಡಗಿತು. ನಾನು ಮಾತ್ರ ನನ್ನದನ್ನು ಶಾಸ್ತ್ರದವರ ಅನುಮಾನವೆಂದೇ ಗೌರವಿಸಿಕೊಂಡು ಬಂದಿದ್ದೆ, ಒಂಬತ್ತನೇ ತರಗತಿಯ ದೀಕ್ಷಾಳ ಸಂಗತಿ ನಡೆಯುವವರೆಗೆ.

ಮಕ್ಕಳಿಗೆ ನಾನೊಂದು ಕೆಲಸ ಕೊಟ್ಟಿದ್ದೆ. ನಿಮ್ಮ ನಿಮ್ಮ ಅಡುಗೆಮನೆಯಲ್ಲಿ ಯಾವ ಕೆಲಸ ಮಾಡುವಾಗ ಯಾರಿಗೆ ನೋವಾಗುತ್ತದೆ ನೋಡಿ, ಆ ನೋವು ಕಡಿಮೆಯಾಗುವಂಥ ಒಂದು ವಸ್ತು ಮಾಡಿ, ಒಂದು ತಿಂಗಳ ನಂತರ ತನ್ನಿ. ಚಂದವಾಗಿರಲಿ. ಹೆಚ್ಚಿನವರು ತಂದದ್ದು ನನ್ನ ಮನಸ್ಸಿಗೆ ನೆಮ್ಮದಿ ಕೊಡುವಷ್ಟು ಕೆಟ್ಟದಾಗಿತ್ತು. ಬಾಟಲಿ ಕತ್ತರಿಸಿ ಮಾಡಿದ ಚಮಚದ ಗೂಡು, ಪಾತ್ರೆ ಹಿಡಿದರೆ ಪಾತ್ರೆಯನ್ನೇ ಬೀಳಿಸುವ ಇಕ್ಕಳ. ಆಗ ದೀಕ್ಷಾ ಒಂದು ಗೋಣಿಚೀಲ ಹೊತ್ತು ಬಂದಳು. ಅದರೊಳಗೆ ಸೇಮಿಗೆ, ಅಂದರೆ ಶಾವಿಗೆ, ಒತ್ತುವ ಮಣೆ.

ನಮ್ಮ ಕಡೆಯ ಸೇಮಿಗೆ ತಿಂದವರಿಗೆ ಅದರ ಕಷ್ಟ ಗೊತ್ತಿಲ್ಲ, ಒತ್ತಿದವರಿಗೆ ಗೊತ್ತು. ಅಕ್ಕಿ ಅರೆದು, ಕಾಯಿಸಿ, ಉಂಡೆ ಮಾಡಿ, ಹಬೆಯಲ್ಲಿ ಬೇಯಿಸಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ಒತ್ತಬೇಕು. ಆರಿದರೆ ಅದು ಕಲ್ಲು. ಒಬ್ಬರು ಮಣೆಯ ಮೂರು ಕಾಲುಗಳನ್ನು ಅದುಮಿ ಹಿಡಿಯಬೇಕು, ಇನ್ನೊಬ್ಬರು ಮೇಲಿನ ಹಿಡಿಯನ್ನು ಜೀವ ಬಿಟ್ಟು ತಿರುಗಿಸಬೇಕು. ದೀಕ್ಷಾ ತನ್ನ ಮನೆಯ ಮಣೆಯ ಆ ಮೂರು ಕಾಲುಗಳನ್ನು ಒಂದು ತಗ್ಗಾದ ಮರದ ಚೌಕಟ್ಟಿನಲ್ಲಿ ಕೊರೆದ ತೂತುಗಳಿಗೆ ಕೂರಿಸಿದ್ದಳು. ಚೌಕಟ್ಟಿನ ಹಿಂಬದಿಗೆ ಒಂದು ಹಲಗೆ. ಅದರ ಮೇಲೆ ಕೂತರೆ ಕೂತವರ ಭಾರಕ್ಕೆ ಮಣೆ ಅಲುಗುವುದಿಲ್ಲ. ಹಿಡಿಗೆ ಉದ್ದದ ಮರದ ಕೈ. ಭುಜ ಎತ್ತದೆ ಒಬ್ಬರೇ ತಿರುಗಿಸಬಹುದು.

ನಾನು ಕನ್ನಡಕ ಏರಿಸಿ ಮರದ ಸಂದುಗಳನ್ನು ನೋಡಿದೆ. ಕೂದಲು ಹೋಗುವಷ್ಟು ಎಡೆ ಇರಲಿಲ್ಲ. ನಾನೇ ಒಮ್ಮೆ ಮಾಡಿದ ಸ್ಟೂಲು ಇವತ್ತಿಗೂ ಮನೆಯಲ್ಲಿ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಗಾಳಿಯಲ್ಲಿ ಆಡಿಸುತ್ತದೆ.

“ಯಾರು ಮಾಡಿದ್ದು ಇದು?”

“ನಾನು ಸರ್.”

“ನಿಜ ಹೇಳು.”

“ನಾನೇ ಸರ್.”

ನಾನು ಮಣೆಯನ್ನು ಎತ್ತಿ ತರಗತಿಗೆಲ್ಲ ತೋರಿಸಿದೆ. “ನೋಡಿ ಮಕ್ಕಳೇ, ಇದು ಒಂಬತ್ತನೇ ಕ್ಲಾಸಿನ ಕೈ ಕೊರೆದ ತೂತಾ?”

ತರಗತಿ ನಕ್ಕಿತು. ದೀಕ್ಷಾ ನಗಲೂ ಇಲ್ಲ, ಅಳಲೂ ಇಲ್ಲ. ಮಣೆಯನ್ನು ಗೋಣಿಗೆ ಹಾಕಿ, ಗೋಣಿಯ ಬಾಯಿಯನ್ನು ನಿಧಾನವಾಗಿ ಮಡಚಿ ಕೂತಳು. ನಾನು ಅವಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದೆ. ಪೆನ್ನಿನಲ್ಲಿ ಹಾಕಲಿಲ್ಲವಲ್ಲ, ಅದು ನನ್ನ ದೊಡ್ಡತನ ಎಂದೂ ಅಂದುಕೊಂಡೆ.

ಮುಂದಿನ ಶನಿವಾರ ಅದೇ ಮಣೆಯಲ್ಲಿ ಸೇಮಿಗೆ ಒತ್ತುವ ಪಾಠ. ಮಣೆ ಬಂತು, ಉಂಡೆ ಬೆಂದಿತು, ದೀಕ್ಷಾ ಮಾತ್ರ ಗೋಡೆಗೆ ಅಂಟಿ ನಿಂತಳು. “ನನಗೆ ಬರುವುದಿಲ್ಲ ಸರ್” ಎಂದಳು. ನಾವು ಯಾರ್ಯಾರೋ ತಿರುಗಿಸಲು ಹೋಗಿ, ಉಂಡೆ ಆರಿ, ಕೊನೆಗೆ ಮಕ್ಕಳು ಅದನ್ನು ಹಾಗೆಯೇ ಚಟ್ನಿಗೆ ಅದ್ದಿ ತಿಂದರು. ನನಗೆ ಒಳಗೊಳಗೇ ಸಮಾಧಾನ. ತಾನೇ ಮಾಡಿದವಳಾದರೆ ಬರುವುದಿಲ್ಲ ಎನ್ನುತ್ತಾಳೆಯೇ?

ಎಲ್ಲರೂ ಹೋದ ಮೇಲೆ ಲೀಲಕ್ಕ ಬಾಗಿಲಿನಿಂದ ಹೇಳಿದರು. “ಸರ್, ಆ ಹುಡುಗಿ ಹಿಟ್ಟು ಕಾಯುವಾಗ ಎರಡು ಬೆರಳಲ್ಲಿ ಮುಟ್ಟಿ ಹದ ನೋಡಿದ್ಳು. ಬಾರದವರು ಹಾಗೆ ಮುಟ್ಟುವುದಿಲ್ಲ. ಅವಳಿಗೆ ಬರುವುದಿಲ್ಲ ಅಂತ ಅಲ್ಲ. ನಿಮ್ಮೆದುರು ಮಾಡ್ಲಿಕ್ಕೆ ಮನಸ್ಸಿಲ್ಲ.”

ಆ ಮಾತು ಚುಚ್ಚಿತು. ಚುಚ್ಚಿದ್ದನ್ನು ನಾನು ನನ್ನ ಸ್ವಭಾವಕ್ಕೆ ತಕ್ಕ ಹಾಗೆ ತೀರಿಸಿಕೊಂಡೆ. ಹೋಗಿ ಪತ್ತೆ ಮಾಡುವುದು ಎಂದು ಭಾನುವಾರ ಬೆಳಿಗ್ಗೆ ದೀಕ್ಷಾಳ ಊರಾದ ಶಿರ್ತಾಡಿಯ ಬಸ್ಸು ಹತ್ತಿದೆ.

ಬಸ್ಸಿಳಿದು ಅಂಗಡಿಯೊಂದರಲ್ಲಿ ದೀಕ್ಷಾಳ ಮನೆ ವಿಚಾರಿಸಿದೆ. ಹಾಗೇ, ಏನೂ ಅಲ್ಲ ಎನ್ನುವಂತೆ, “ಆ ಕಡೆ ಬಡಗಿಗಳು ಯಾರಾದ್ರೂ ಉಂಟಾ?” ಎಂದೂ ಕೇಳಿದೆ.

“ಉಂಟಲ್ಲ! ಅವಳ ಮಾವನೇ ಆಚಾರ್ರು. ಅದೇ ಜಾಗದಲ್ಲಿ ಅವರದ್ದೂ ಮನೆ” ಎಂದರು ಅಂಗಡಿಯವರು.

ಬೆಟ್ಟದಲ್ಲಿ ಹೊಗೆ ಮಾತ್ರವಲ್ಲ, ಬೆಂಕಿಯೇ ಕಂಡಂತಾಯಿತು. ಅಲ್ಲಿಂದ ಮನೆಯವರೆಗಿನ ಏರುದಾರಿಯನ್ನು ನಾನು ಹುಡುಗನ ಹಾಗೆ ಹತ್ತಿದೆ.

ದೀಕ್ಷಾಳ ತಾಯಿ ಅಂಗಳದಲ್ಲಿದ್ದರು. ಮೇಷ್ಟ್ರು ಬಂದದ್ದಕ್ಕೆ ಗಾಬರಿಯಾಗಿ, ಕುರ್ಚಿ ತಂದು, ಬೆಲ್ಲ ನೀರು ಕೊಟ್ಟರು. ಲೋಟ ಕೊಡುವಾಗ ಬಲಗೈಯನ್ನು ಎಡಗೈ ಎತ್ತಿ ಹಿಡಿದಿತ್ತು. ಆಚೆ ಮನೆಯಿಂದ ಆಚಾರ್ರೂ ಬಂದರು. ದೀಕ್ಷಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ಸರ್, ನೀವು ಎಂತಕ್ಕೆ ಬಂದದ್ದು?”

“ಸುಮ್ಮನೆ, ಈ ಕಡೆ ಬಂದಿದ್ದೆ.”

“ಯಾರ ಮನೆಗೆ?”

ಮೂವತ್ತು ವರ್ಷ ಮಕ್ಕಳ ಸುಳ್ಳನ್ನು ಹಿಡಿದವನಿಗೆ ತನ್ನದೊಂದು ಸುಳ್ಳನ್ನು ಎರಡನೇ ಪ್ರಶ್ನೆಯವರೆಗೆ ನಿಲ್ಲಿಸಲಾಗಲಿಲ್ಲ. ನಾನು ಆಚಾರ್ರ ಕಡೆ ತಿರುಗಿ ನೇರವಾಗಿ ಕೇಳಿಬಿಟ್ಟೆ, “ಆ ಮಣೆ ನೀವು ಮಾಡಿಕೊಟ್ಟದ್ದಾ?”

ಆಚಾರ್ರು ಜೋರಾಗಿ ನಕ್ಕರು. “ನಾನು ಮಾಡಿಕೊಡ್ತೇನೆ ಅಂತ ಎಷ್ಟು ಹೇಳಿದೆ ಮಾಷ್ಟ್ರೇ! ‘ಉಳಿ ಹಿಡಿಯುವುದು ತೋರಿಸಿ, ಮತ್ತೆ ನೀವು ಹೋಗಿ’ ಅಂದ್ಲು. ಬನ್ನಿ, ತೋರಿಸ್ತೇನೆ.”

ಮನೆಯ ಹಿಂದೆ ಬಚ್ಚಲಿನ ಕಟ್ಟಿಗೆ ಒಟ್ಟುವ ಚಪ್ಪರದಂಥ ಮಾಡು. ಕಟ್ಟಿಗೆಯ ನಡುವೆ ಚೌಕಟ್ಟುಗಳು. ಒಂದರ ಹಲಗೆ ನಡುವೆ ಸೀಳಿತ್ತು. ಒಂದರ ತೂತುಗಳು ಮೂರು ದಿಕ್ಕಿಗೆ ಮುಖ ಮಾಡಿದ್ದವು. ಒಂದು ಸರಿಯಾಗಿಯೇ ಇದೆ ಎಂದು ಎತ್ತಿ ನೋಡಿದರೆ ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ‘ಅಮ್ಮನ ಮೊಣಕೈ ತಾಗುತ್ತದೆ.’ ಇನ್ನೊಂದರ ಮೇಲೆ: ‘ಅಮ್ಮ ಜಾರಿದರು.’ ತಾಯಿ ನಾಚಿಕೊಂಡರು. “ಎರಡು ನಾನೇ ಒಲೆಗೆ ಹಾಕಿದ್ದೆ ಸರ್. ಹಾಳಾದ್ದು ಅಂತ ಎಣಿಸಿದೆ. ಅವಳು ಎರಡು ದಿನ ಮಾತಾಡ್ಲಿಲ್ಲ.” ಅವರು ಸುತ್ತಲಿನ ಸಮಾರಂಭಗಳಿಗೆ ಸೇಮಿಗೆ ಒತ್ತಿಕೊಡುವವರು. ಕಳೆದ ವರ್ಷದಿಂದ ಬಲಭುಜ ಮೇಲೆತ್ತಲು ಬರುತ್ತಿರಲಿಲ್ಲವಂತೆ.

ನಾನು ಸೀಳಿದ ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ, “ಇದನ್ನೆಲ್ಲ ಶಾಲೆಗೆ ಯಾಕೆ ತರಲಿಲ್ಲ ನೀನು?”

“ನೀವು ಚಂದದ್ದು ತನ್ನಿ ಅಂದ್ರಿ. ಹಾಳಾದದ್ದಕ್ಕೆ ಮಾರ್ಕ್ಸ್ ಉಂಟಾ ಸರ್?”

ಹೊಂದದ ತೂತುಗಳನ್ನೆಲ್ಲ ಮಕ್ಕಳು ಮನೆಯಲ್ಲಿ ಅಡಗಿಸಿಟ್ಟು ಬರುವಂತೆ ಮಾಡಿದವನು ನಾನು. ಹೊಂದಿದ ತೂತು ಒಂದು ಕಂಡ ಕೂಡಲೇ ಕಳ್ಳತನವೆಂದು ಕೂಗಿದವನೂ ನಾನೇ.

“ನಿನ್ನನ್ನು ನಂಬದೆ ಬಂದದ್ದು ಮಾರಾಯ್ತಿ. ನನ್ನದು ತಪ್ಪಾಯ್ತು” ಎಂದೆ.

ಅವಳು ಸೀಳಿದ ಹಲಗೆಯನ್ನು ನನ್ನ ಕೈಯಿಂದ ತೆಗೆದು ಕಟ್ಟಿಗೆಯ ಮೇಲಿಟ್ಟಳು. “ಇಲ್ಲಿ ಹೇಳಿದ್ರಿ. ಅಲ್ಲಿ ಹೇಳ್ತೀರಾ ಸರ್?”

ತಾಯಿ “ಏಯ್!” ಎಂದು ಗದರಿದರು. ನಾನು ಬೇಡವೆಂದು ಕೈ ತೋರಿಸಿದೆ. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎಲ್ಲರೆದುರು ಎತ್ತಿ ತೋರಿಸಿದ್ದನ್ನು ಬಚ್ಚಲ ಹಿಂದೆ ಇಳಿಸಿದರೆ ಆಗುತ್ತದೆಯೇ?

ಸೋಮವಾರ ಆ ತರಗತಿಗೆ ನನ್ನ ಪೀರಿಯಡ್ ಇರಲಿಲ್ಲ. ಗಣಿತದ ಮೇಡಂ ಹತ್ತಿರ ಐದು ನಿಮಿಷ ಬೇಡಿ ಪಡೆದೆ. ಮಕ್ಕಳು ಎದ್ದು ನಿಂತರು, ಕೂತರು. ನಾನು ಮೊದಲು ಶಿಕ್ಷಣ, ಸಂಶಯ, ಜ್ಞಾನ ಎಂದು ದೊಡ್ಡದಾಗಿ ಶುರುಮಾಡಿದೆ. ದೀಕ್ಷಾ ಕಿಟಕಿಯ ಹೊರಗೆ ನೋಡತೊಡಗಿದಳು. ಹಾಗಾಗಿ ಅದನ್ನೆಲ್ಲ ಬಿಟ್ಟು ಹೇಳಿದೆ: “ಆ ಮಣೆ ದೀಕ್ಷಾ ಮಾಡಿದ್ದು. ಏಳನೇ ಸಲಕ್ಕೆ ಸರಿಯಾಯಿತು. ನಾನು ಸುಳ್ಳು ಆರೋಪ ಹೊರಿಸಿದೆ. ನಿಮ್ಮನ್ನೂ ನಗಿಸಿದೆ. ತಪ್ಪು ನನ್ನದು.” ಇದರಲ್ಲೇನು ಕಷ್ಟ ಎಂದು ನೀವು ನಗಬಹುದು. ಹದಿನಾಲ್ಕು ವರ್ಷದವರ ನಲವತ್ತು ಜೊತೆ ಕಣ್ಣುಗಳ ಮುಂದೆ ನಿಂತು ಒಮ್ಮೆ ನೋಡಿ. ತರಗತಿ ಚಪ್ಪಾಳೆಯನ್ನೇನೂ ತಟ್ಟಲಿಲ್ಲ. ದೀಕ್ಷಾಳ ಪಕ್ಕದ ಹುಡುಗಿ ಸರಿದು ಅವಳಿಗೆ ಬೆಂಚಿನಲ್ಲಿ ಇನ್ನಷ್ಟು ಜಾಗ ಕೊಟ್ಟಳು, ಅಷ್ಟೆ.

ಶನಿವಾರ ದೀಕ್ಷಾ ಸೇಮಿಗೆ ಒತ್ತಿದಳು. ಬೆಳ್ಳನೆಯ ಎಳೆಗಳು ಬಾಳೆಲೆಗೆ ಸುರುಳಿಯಾಗಿ ಇಳಿದವು. ಲೀಲಕ್ಕ ‘ನೋಡುವ’ ಎಂದು ಹಲಗೆಯ ಮೇಲೆ ಕೂತವರು ತುಂಬ ಹೊತ್ತು ಏಳಲೇ ಇಲ್ಲ. ನನ್ನ ಸರದಿಗೆ ನಾನು ಹಿಡಿಯನ್ನು ತಿರುವುಮುರುವಾಗಿ ತಿರುಗಿಸಿದೆ. “ಆ ಕಡೆ ಅಲ್ಲ ಸರ್” ಎಂದಳು ದೀಕ್ಷಾ. ಧ್ವನಿಯಲ್ಲಿ ಸಲಿಗೆ ಇನ್ನೂ ಪೂರ್ತಿ ಬಂದಿರಲಿಲ್ಲ. ನಂಬಿಕೆಗೆ ಐದು ನಿಮಿಷದ ಪೀರಿಯಡ್ ಸಾಕಾಗುವುದಿಲ್ಲ ಎಂದುಕೊಂಡು ಹಿಡಿಯನ್ನು ಅವಳು ಹೇಳಿದ ಕಡೆಗೆ ತಿರುಗಿಸಿದೆ.

ಈ ವರ್ಷ ಹೊಸ ಒಂಬತ್ತನೇ ತರಗತಿಗೆ ಮೊದಲ ದಿನವೇ ಹೇಳಿದೆ. ಸರಿಯಾದದ್ದರ ಜೊತೆ ಹಾಳಾದದ್ದನ್ನೂ ತನ್ನಿ, ಅದಕ್ಕೂ ಮಾರ್ಕ್ಸ್ ಉಂಟು. ತಂದರು ನೋಡಿ! ಟೇಬಲ್ಲಿನಲ್ಲಿ ಜಾಗ ಸಾಲದಷ್ಟು ಮುರುಕಲು. ಅದರಲ್ಲಿ ಒಬ್ಬ ಹುಡುಗನ ತೆಂಗಿನಕಾಯಿ ಸುಲಿಯುವ ಸಾಧನದ ಮೂರು ಸೋಲುಗಳು ಬಹಳ ಅಚ್ಚುಕಟ್ಟಾಗಿದ್ದವು. ಮೂರೂ ಒಂದೇ ಜಾಗದಲ್ಲಿ, ಗರಗಸ ಇಟ್ಟಷ್ಟು ನೇರವಾಗಿ ಮುರಿದಿದ್ದವು. ನನ್ನ ಹುಬ್ಬು ತಾನಾಗಿಯೇ ಮೇಲೆ ಹೋಯಿತು. ಆದರೆ ಈ ಸಲ ಎಲ್ಲರೆದುರು ಎತ್ತಿ ತೋರಿಸುವ ಕೆಲಸ ಮಾಡಲಿಲ್ಲ. ಅವನ ಹತ್ತಿರ ಬಗ್ಗಿ, ಅವನಿಗೆ ಮಾತ್ರ ಕೇಳುವಂತೆ ವಿಚಾರಿಸಿದೆ.

“ಇದು ನೀನೇ ಮುರಿದದ್ದಾ?”

ಅವನು ತಲೆ ತಗ್ಗಿಸಿ, ನನ್ನಷ್ಟೇ ಮೆಲ್ಲಗೆ ಹೇಳಿದ. “ಎರಡು ನಾನು ಸರ್. ಒಂದು ಅಪ್ಪ.”

ಎರಡಕ್ಕೆ ಮಾರ್ಕ್ಸ್ ಕೊಟ್ಟೆ. ಮೂರನೆಯದಕ್ಕೂ ಕೊಟ್ಟೆ, ಆದರೆ ಅದು ಮರಕ್ಕಲ್ಲ, ನಿಜ ಹೇಳಿದ್ದಕ್ಕೆ.