ವರ್ನೀಟಾಳ ಉದ್ದ ಹಿಡಿಕೆ

ಚಕ್ರದ ಮನೆಯಲ್ಲಿ ಊರೂರು ಸುತ್ತುವವರೆಂದರೆ ಸೂರ್ಯಾಸ್ತದ ಬಗ್ಗೆ ಮಾತಾಡುವ ಜನ ಎಂದು ನಂಬಿಕೊಂಡೇ ನಾನು ಮರುಭೂಮಿಯೂರು ಯೂಮಾದಲ್ಲಿ ಅಂಥ ಮನೆಗಳು ಚಳಿಗಾಲಕ್ಕೆ ಬೀಡುಬಿಡುವ ಟ್ರೈಲರ್ ಪಾರ್ಕಿಗೆ ಬಂದದ್ದು. ಎರಡು ಚಳಿಗಾಲ ಕಳೆದ ಮೇಲೆ ತಿಳಿಯಿತು: ಬೆಳಗಿನ ಕಾಫಿಯಿಂದ ಸಂಜೆಯ ಬಿಯರಿನವರೆಗೆ ಅಲ್ಲಿ ನಡೆಯುವುದು ಕಕ್ಕಸಿನ ಪೈಪಿನ ಮಾತು.

ವರ್ನೀಟಾ ಮಾತ್ರ ಪೈಪಿನ ಬಗ್ಗೆ ಮಾತಾಡುತ್ತಿರಲಿಲ್ಲ, ಅದನ್ನು ಬೈಯುತ್ತಿದ್ದಳು. ಮಿನೆಸೋಟಾದ ಹಿಮದಲ್ಲಿ ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿದ ಬೆರಳುಗಳು ಈಗ ಗಂಟುಗಟ್ಟಿ, ಮಡಚಿದರೆ ಬಿಚ್ಚಲು ಒಪ್ಪುತ್ತಿರಲಿಲ್ಲ. ಕಕ್ಕಸಿನ ತೊಟ್ಟಿ ಖಾಲಿ ಮಾಡಲು ಟ್ರೈಲರಿನ ಹೊಟ್ಟೆಯಡಿ ಮಂಡಿಯೂರಿ, ಚರಂಡಿಗೆ ಹೋಗುವ ಪೈಪಿನ ತುದಿಯನ್ನು ತೊಟ್ಟಿಯ ಬಾಯಿಗೆ ಒತ್ತಿ ಹಿಡಿದು, ಕಾಲು ಸುತ್ತು ತಿರುಗಿಸಿ ಎರಡೂ ಕೊಕ್ಕೆ ಕಚ್ಚಿಸಬೇಕು. ಡಿಸೆಂಬರಿನಲ್ಲಿ ಒಂದೇ ಕೊಕ್ಕೆ ಕಚ್ಚಿತ್ತು. ಮುಂದೆ ಆದದ್ದನ್ನು ಪಕ್ಕದವರ ಪ್ಲಾಸ್ಟಿಕ್ ಹುಲ್ಲುಹಾಸನ್ನೇ ಕೇಳಬೇಕು. ಇನ್ನೊಮ್ಮೆ ಚೆಲ್ಲಿದರೆ ಜಾಗ ಖಾಲಿ ಮಾಡಿ ಎಂದು ಪಾರ್ಕಿನ ಆಫೀಸಿನಿಂದ ಚೀಟಿ ಬಂತು. ಜಾಗ ಹೋದರೆ ಟ್ರೈಲರ್ ಮಾರಿ, ಅದೇ ಮಿನೆಸೋಟಾದ ಡುಲೂತಿನಲ್ಲಿ ಮಗಳ ಮನೆಯ ನೆಲಮಾಳಿಗೆ ಸೇರುವುದೊಂದೇ ದಾರಿ.

ಅದಕ್ಕೇ ಅವಳು ಉದ್ದ ಹಿಡಿಕೆಯ ಸಾಧನವೊಂದನ್ನು ತರಿಸಿದ್ದಳು. ಅದರ ತುದಿಯ ಕವಲು ಪೈಪಿನ ಬಾಯಿಯ ಇಕ್ಕೆಲದ ಕಿವಿಗಳನ್ನು ಹಿಡಿಯುತ್ತದೆ. ನಿಂತಲ್ಲೇ ತೋಳಿನಿಂದ ನೂಕಿದರೆ ಸಾಕು, ಬೆರಳಿಗೆ ಕೆಲಸವಿಲ್ಲ.

ಆದರೆ ಆ ಪಾರ್ಕಿನಲ್ಲಿ ಪೈಪಿನ ಕೆಲಸಕ್ಕೆ ಯಾರು ಕೈಗವಸು ಹಾಕಿಕೊಂಡರೂ ಸರಿ, ಮಡಚು ಕುರ್ಚಿ ತಂದು ಎದುರು ಕೂತು ಸಲಹೆ ಕೊಡುವುದು ರೂಢಿ. ಆ ಮಂಗಳವಾರ ನಾಲ್ಕು ಕುರ್ಚಿ ಬಂದವು. ಐದನೆಯವನಾಗಿ ಕುರ್ಚಿಯಿಲ್ಲದೆ ಬಂದವನು ಲೋವೆಲ್. ಯಾವುದೋ ಕಾರ್ಖಾನೆಯಲ್ಲಿ ಮ್ಯಾನೇಜರಾಗಿ ನಿವೃತ್ತನಾದವನು. ಎಲ್ಲರೂ ಅವನನ್ನು ‘ಪ್ರೊಫೆಸರ್’ ಎನ್ನುತ್ತಿದ್ದರು. ಅವನು ಅದನ್ನು ಬಿರುದೆಂದೇ ತಿಳಿದಿದ್ದ.

ಪೈಪನ್ನು ತಾನೇ ಹಾಕಿಕೊಳ್ಳುತ್ತೇನೆಂದು ವರ್ನೀಟಾ ಎರಡು ಸಲ ಹೇಳಿದಳು. ಅಷ್ಟರಲ್ಲಿ ಪೈಪು ಲೋವೆಲ್‌ನ ಕೈಯಲ್ಲಿತ್ತು.

“ಇದೆಲ್ಲ ಅಂಗಡಿಯವ್ರ ಆಟ, ವರ್ನೀಟಾ. ಸರಿಯಾಗಿ ಕೂತಿದ್ಯೋ ಇಲ್ವೋ ಅಂತ ಕೈಗೆ ಗೊತ್ತಾಗತ್ತೆ. ಈ ಕೋಲಿಗೇನು ಗೊತ್ತು?”

ಮೊಂಟಾನಾದ ಚಳಿಯಲ್ಲಿ ಬರಿಗೈಯಲ್ಲಿ ಪೈಪು ಜೋಡಿಸಿದ ಕಥೆ ಹೇಳುತ್ತಲೇ ತಿರುಗಿಸಿದ. ಕಥೆ ಮುಗಿಯಿತು, ಮಂಡಿ ಲಟಕ್ಕೆಂದಿತು, ಎದ್ದು ನಿಂತು ಇನ್ನು ತೊಟ್ಟಿಯ ವಾಲ್ವ್ ಎಳೆಯಬಹುದೆಂದು ಅಪ್ಪಣೆ ಕೊಟ್ಟ.

ವರ್ನೀಟಾ ಎಳೆಯಲಿಲ್ಲ. ಹಲ್ಲು ಕಚ್ಚಿ, ಹಿಡಿಕೆಯನ್ನು ಪೈಪಿನ ಕಿವಿಗೆ ಸಿಕ್ಕಿಸಿ ನೂಕಿದಳು. ಪೈಪು ಹೆಬ್ಬೆರಳಗಲ ತಿರುಗಿತು. ಲೋವೆಲ್ ಕಚ್ಚಿಸದೆ ಬಿಟ್ಟಿದ್ದ ಎರಡನೆಯ ಕೊಕ್ಕೆ ಕಟಕ್ಕೆಂದು ಕಚ್ಚಿತು. ಅಪಾಯ ಕಳೆದ ಮೇಲೆ ನಾಲ್ಕೂ ಕುರ್ಚಿಗಳು ಎರಡಡಿ ಹಿಂದೆ ಸರಿದವು.

ಆಮೇಲೆ ವಾಲ್ವ್ ಎಳೆದಳು. ಟ್ರೈಲರಿನ ಹೊಟ್ಟೆಯಲ್ಲಿದ್ದದ್ದೆಲ್ಲ ಗಳಗಳ ಇಳಿದುಹೋಯಿತು. ಹೊರಗೆ ಒಂದು ಹನಿಯಿಲ್ಲ. ಇನ್ನುಳಿದದ್ದು ಪೈಪು ತೊಳೆಯಲು, ಇನ್ನೊಂದು ತೊಟ್ಟಿಯಲ್ಲಿ ನಿಂತ ಪಾತ್ರೆ ತೊಳೆದ ನೀರು ಬಿಡುವುದು. ಅವಳು ಎರಡನೆಯ ವಾಲ್ವಿಗೆ ಕೈ ಹಾಕಿದಾಗ ಲೋವೆಲ್ ಗಂಟಲು ಸರಿಮಾಡಿಕೊಂಡು ಹತ್ತಿರ ಬಂದ.

“ಅಲ್ಲ, ಹೀಗೆ ಕೋಲಿಟ್ಕೊಂಡು ಮಾಡೋದು ಒಂಥರಾ ಮೋಸ ಅನ್ಸಲ್ವಾ ನಿಮಗೆ?”

“ಅನ್ಸಲ್ಲ. ಕಾಲು ತೆಗೀರಿ, ಪೈಪ್ ಮೇಲೆ ನಿಂತಿದೀರಿ.”