ಮೂರನೆಯ ಕ್ಲಿಕ್

ಇದನ್ನು ಬರೆಯಲು ಕೂತಾಗಲೆಲ್ಲ ಬೇರೆ ಕೆಲಸ ಹುಡುಕಿಕೊಂಡು ಎದ್ದಿದ್ದೇನೆ. ಈಗ ವಯಸ್ಸಾಗಿದೆ, ಬೆಸುಗೆ ಹಾಕಲಾಗುವುದಿಲ್ಲ. ನೆಪಗಳೂ ಮುಗಿದಿವೆ.

1978ರಲ್ಲಿ ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರ ನನ್ನ ರೇಡಿಯೊ ರಿಪೇರಿ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಚನ್ನಗಿರಿಯಲ್ಲಿ ಕೆಲಸ ಕಲಿತವನು ನಾನು. ಪರವಾನಗಿ ಪಡೆದು ಮನೆಯಿಂದಲೇ ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೊದವರು ನನಗೆ ಗೊತ್ತಿದ್ದದ್ದು ಒಬ್ಬರೇ, ನ್ಯಾಮತಿಯಲ್ಲಿ. ಮೊದಲು ತಂತಿ ಕಚೇರಿಯಲ್ಲಿದ್ದರು; ಕಣ್ಣು ಪೂರ್ತಿ ಹೋದ ಮೇಲೆ ಕೆಲಸ ಬಿಟ್ಟರು. ಊರಿಗೆಲ್ಲ ಅವರು ತಂತಿಯಣ್ಣ. ಮನೆಯಲ್ಲಿ ತಂಗಿ ಗಂಗಮ್ಮ ಇದ್ದರು. ಉಳಿದ ಗೆಳೆಯರೆಲ್ಲ ಆ ರೇಡಿಯೊದೊಳಗೇ ಇದ್ದರು.

ಅವರದು ಹಳೆಯ ಕಾಲದ ಜೋಡಿ ಪೆಟ್ಟಿಗೆ. ಕೇಳುವುದು ಒಂದರಲ್ಲಿ, ಮಾತು ಕಳಿಸುವ ಟ್ರಾನ್ಸ್‌ಮಿಟರ್ ಇನ್ನೊಂದು. ಟ್ರಾನ್ಸ್‌ಮಿಟರಿನ ಬ್ಯಾಂಡ್ ಸ್ವಿಚ್ ತಿರುಗಿಸಿದರೆ ಕ್ಲಿಕ್ ಕ್ಲಿಕ್ ಎಂದು ಒಂದೊಂದು ತರಂಗಕ್ಕೆ ನಿಲ್ಲುತ್ತಿತ್ತು. ಎಡತುದಿಗೆ ತಂದು ಎರಡು ಕ್ಲಿಕ್ ಎಣಿಸಿದರೆ ಗೆಳೆಯರ ತರಂಗ. ಆ ಸ್ವಿಚ್ ಸರಿಯಾಗಿ ತಾಗುತ್ತಿಲ್ಲವೆಂದು ನನ್ನ ಹತ್ತಿರ ತಂದರು. ಬಿಚ್ಚಿ ನೋಡಿದರೆ, ಒಳಗೆ ತಾಗುವ ಬೆಳ್ಳಿ ಲೇಪದ ಕಾಂಟ್ಯಾಕ್ಟುಗಳು ಸವೆದು ಕಪ್ಪಾಗಿದ್ದವು.

ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ತಾಳ್ಮೆಯಾಗಿ ಒರೆಸಬೇಕಾದ ಕೆಲಸ ಅದು. ಮದುವೆಗಳ ಕಾಲ, ಅಂಗಡಿ ತುಂಬ ಧ್ವನಿವರ್ಧಕಗಳು. ನಾನು ತುಕ್ಕು ತೆಗೆಯುವ ಒರಟು ಎಮರಿ ಕಾಗದ ಹಿಡಿದು ಉಜ್ಜಿದೆ. ಮೊದಲನೆಯ ಕಾಂಟ್ಯಾಕ್ಟಿನ ಕಪ್ಪಿನ ಜೊತೆ ಬೆಳ್ಳಿಯೂ ಹೋಯಿತು. ಬಲತುದಿಯಲ್ಲಿ ಕಾಂಟ್ಯಾಕ್ಟಿನ ಒಂದು ಮನೆ ಬಳಸದೆ ಖಾಲಿ ಇತ್ತು. ತಂತಿಗಳನ್ನೆಲ್ಲ ಒಂದೊಂದು ಮನೆ ಬಲಕ್ಕೆ ಸರಿಸಿ ಬೆಸೆದೆ; ಗೆಳೆಯರ ತರಂಗ ಮೂರನೆಯ ಕ್ಲಿಕ್ಕಿಗೆ ಹೋಯಿತು. ಸ್ವಿಚ್ಚಿನ ತಿರುಗುಗುಂಡಿಯನ್ನು ಎಡತುದಿಯಲ್ಲಿ ತಡೆಯುವ ತಗಡನ್ನೂ ಒಂದು ಮನೆ ಸರಿಸಿದ್ದರೆ ಎಣಿಕೆ ಮೊದಲಿನಂತೆಯೇ ಇರುತ್ತಿತ್ತು. ಅದಕ್ಕೆ ಸ್ವಿಚ್ ಪೂರ್ತಿ ಬಿಚ್ಚಬೇಕು. ಬಿಚ್ಚಲಿಲ್ಲ. ಬದಲಿಗೆ ಮುಖಫಲಕದ ಮೇಲೆ ಹೊಸ ಜಾಗಗಳಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟೆ. ಎಲ್ಲ ಗಿರಾಕಿಗಳಿಗೂ ಹಾಗೇ ಮಾಡುತ್ತಿದ್ದೆ. ಕಣ್ಣಿಲ್ಲದವರಿಗೆ ಚುಕ್ಕೆ ಇಡುತ್ತಿದ್ದೇನೆಂದು ಕೈಗೆ ಹೊಳೆಯಲೇ ಇಲ್ಲ.

"ಏನಪಾ ಡಾಕ್ಟ್ರೇ, ನನ್ನ ಪೇಷಂಟ್ ಹೆಂಗೈತೆ?" ಎಂದರು, ಒಯ್ಯಲು ಬಂದಾಗ.

"ಹೊಸದ್ರಂಗೆ ಐತೆ ಬಿಡ್ರೀ."

ಕೆಲವು ವಾರ ಕಳೆದು ತಂಗಿಯ ಭುಜ ಹಿಡಿದು ಮತ್ತೆ ಬಂದರು. ಮುಖ ಇಳಿದಿತ್ತು.

"ಯಾರೂ ಉತ್ರ ಕೊಡವಲ್ರು. ಅವ್ರ ಮಾತು ನಂಗೆ ಕೇಳ್ತೈತೆ. 'ನ್ಯಾಮತಿಯೋರು ಇದಾರೋ ಇಲ್ವೋ' ಅಂತ ಅವರವರೇ ಮಾತಾಡ್ಕೊಂತಾರೆ. ಇದೀನಿ, ಇದೀನಿ ಅಂತೀನಿ. ಮುಟ್ಟವಲ್ದು."

"ಓಣಿಯೋರಿಗೆಲ್ಲ ಕೇಳಂಗೆ ಕೂಗ್ತಾನ್ರೀ," ಎಂದರು ಗಂಗಮ್ಮ. "ರೇಡಿಯೊದೋರಿಗೆ ಮಾತ್ರ ಕೇಳಲ್ಲ."

ತಂತಿಯಣ್ಣ ದನಿ ತಗ್ಗಿಸಿದರು. "ಸ್ವಿಚ್ಚಲ್ಲಿ ಏನಾರ ಬದಲಾಗೈತಾ? ಇಲ್ಲಾ, ಎಣಿಸೋದ್ರಾಗೆ ನಾನೇ ತಪ್ತಿದೀನಾ?"

ಬಿಳಿ ಚುಕ್ಕೆಗಳು ಆಗ ನೆನಪಾದವು. ಇನ್ನೊಂದು ಕ್ಲಿಕ್ ತಿರುಗಿಸಿ ಎಂದರೆ ಮುಗಿಯುತ್ತಿತ್ತು. ಅಂಗಡಿಯಲ್ಲಿ ಬೇರೆ ಗಿರಾಕಿಗಳು ಕೂತಿದ್ದರು.

"ಸ್ವಿಚ್ ಹೆಂಗಿತ್ತೋ ಹಂಗೇ ಐತ್ರೀ. ಏರಿಯಲ್ ಸಡ್ಲಾಗಿರ್ಬೇಕು, ನೋಡ್ಸ್ರಿ."

ಒಂದು ಭಾನುವಾರ ನ್ಯಾಮತಿಗೆ ಹೋಗಿ ಗುಟ್ಟಾಗಿ ಸರಿಪಡಿಸಿಬಿಡುವುದೆಂದುಕೊಂಡೆ. ಭಾನುವಾರಗಳು ಹೋದವು. ಅವರು ಮಾಳಿಗೆ ಮೇಲಿನ ಏರಿಯಲ್ ಇಳಿಸಿ ಹೊಸದು ಕಟ್ಟಿಸಿದರು, ಗೆಳೆಯರನ್ನು ಮತ್ತೆ ಕರೆದರು. ಎರಡನೆಯ ಕ್ಲಿಕ್ಕಿನಲ್ಲಿ ಈಗ ಅವರ ಮಾತು ಹೋಗುತ್ತಿದ್ದದ್ದು ಹವ್ಯಾಸಿಗಳಿಗೆ ಅನುಮತಿಯಿಲ್ಲದ ತರಂಗಕ್ಕೆ. ಕಡೆಗೆ ಮಿತಿ ಮೀರಿದ್ದೀರೆಂದು ಪರವಾನಗಿ ಕೊಡುವ ಇಲಾಖೆಯಿಂದ ಎಚ್ಚರಿಕೆ ಬಂತು. ತಪ್ಪು ತನ್ನ ಬೆರಳಿನದೇ ಎಂದು ಅವರು ಪರವಾನಗಿಯನ್ನೇ ಒಪ್ಪಿಸಿಬಿಟ್ಟರು.

ಸುದ್ದಿ ಕೇಳಿ ಹೋದೆ. ಪೆಟ್ಟಿಗೆಗಳ ಮೇಲೆ ಹಳೇ ಸೀರೆ ಹೊದಿಸಿದ್ದರು.

"ನೀನು ಸರಿ ಮಾಡಿ ಕೊಟ್ಟಿದ್ದೆ ಕಣಪಾ. ಬೆರಳೂ ಕಣ್ಣಿನ ದಾರೀನೇ ಹಿಡಿದ್ವು."

ಗಂಗಮ್ಮ ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಅಣ್ಣತಂಗಿ ಜಗಳೂರಿನ ನೆಂಟರ ಮನೆಗೆ ಹೋದರು. 1984ರಲ್ಲಿ ಟ್ರಾನ್ಸ್‌ಮಿಟರ್ ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂತು. ತನ್ನ ನಂತರ ಅದು ನನಗೇ ಸೇರಬೇಕೆಂದು ಅಣ್ಣ ಹೇಳಿದ್ದನಂತೆ, ಗಂಗಮ್ಮ ಹೇಳಿಕಳಿಸಿದ್ದರು. ಅಂದೇ ಬಿಚ್ಚಿ ತಡೆ ತಗಡನ್ನು ಒಂದು ಮನೆ ಸರಿಸಿದೆ. ಒಂದು ತಾಸೂ ಹಿಡಿಯಲಿಲ್ಲ.

ಯಂತ್ರ ನಡೆದರೆ ರಿಪೇರಿ ಮುಗಿಯಿತೆಂದುಕೊಂಡಿದ್ದೆ. ಅದನ್ನು ಹಿಡಿಯುವ ಕೈ ಯಾವುದೆಂದು ತಿಳಿದ ಮೇಲಷ್ಟೇ ಮುಗಿಯುತ್ತದೆ. ಆ ಕೈಗೆ ತನ್ನ ಮೇಲೆಯೇ ನಂಬಿಕೆ ಹೋಗುವ ಹಾಗೆ ಮಾಡಿದವನು ನಾನು. ಕ್ಷಮೆ ಕೇಳಲಿಲ್ಲ.

ತಂತಿಯಣ್ಣ ಎಂದು ಊರಿಟ್ಟ ಹೆಸರಿನ ಹಿಂದೆ ಇಲ್ಲಿಯವರೆಗೂ ಅವಿತುಕೊಂಡೆ. ಅವರ ಹೆಸರು ಹಾಲೇಶಪ್ಪ.